ಲಿಸ್ಬನ್ನಿನ ಗೋಡೆಗೆ ದೇವಕಮ್ಮ ಕಟ್ಟಿದ ಬಟ್ಟೆ

2009ರ ಮೇ ತಿಂಗಳ ಕೊನೆಯ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಾನು ಲಿಸ್ಬನ್ ನಗರದಲ್ಲಿ, ನದಿಯ ಕಡೆಗೆ ಇಳಿಯುವ ಒಂದು ಬೀದಿಯಲ್ಲಿ, ಆಂತೋನಿಯೊ ಎಂಬ ಕ್ಷೌರಿಕನ ಅಂಗಡಿಯ ಮುಂದಿನ ಫುಟ್‌ಪಾತಿನ ಮೇಲೆ ನಿಂತಿದ್ದೆ. ಬೆನ್ನ ಹಿಂದೆ ಅಂಗಡಿಯ ಗಾಜು. ಎಡಗೈ ಒಂದು ಕುರ್ಚಿಯ ಬೆನ್ನಿನ ಮೇಲಿತ್ತು. ಬಲಗೈಯಲ್ಲಿ ಕೊಡೆ ಇತ್ತು, ಮಳೆ ಇರಲಿಲ್ಲ. ಸಮಯ ಅಂಗಡಿಯ ಒಳಗಿನ ಗಡಿಯಾರದ್ದು. ಅದು ಎರಡು ನಿಮಿಷ ಮುಂದಿದೆ ಎಂದು ಆಂತೋನಿಯೊ ಆಮೇಲೆ ಪೊಲೀಸರಿಗೆ ಹೇಳಿದ. ಹಾಗಾದರೆ ಹನ್ನೊಂದು ಎಂಟು.

ಎದುರಿಗೆ, ಹದಿನಾಲ್ಕು ಹೆಜ್ಜೆ ಅಗಲದ ರಸ್ತೆಯ ಆಚೆ, ಒಂದು ಹಳೇ ಗೋದಾಮಿನ ಗೋಡೆ. ಗೋಡೆಯಲ್ಲಿ ಎರಡು ಮಾಳಿಗೆ ಎತ್ತರಕ್ಕೆ ಒಬ್ಬ ಹೆಂಗಸಿನ ಮುಖ. ಆ ಮುಖ ನಮ್ಮ ತೋಟದಲ್ಲಿ ಕೆಲಸ ಮಾಡುವ ದೇವಕಮ್ಮನವರದು. ದೇವಕಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ಗೋಡೆಯ ಮುಂದೆ ಕಬ್ಬಿಣದ ಪೈಪುಗಳಲ್ಲಿ ಕಟ್ಟಿದ ಅಟ್ಟಣಿಗೆಯ ಮೇಲೆ ಕೂತು ತಿಯಾಗೊ ಎಂಬ ಕಲಾವಿದ ಅವರ ಎಡಗೆನ್ನೆಯನ್ನು ಡ್ರಿಲ್ಲಿನಿಂದ ಕೆತ್ತುತ್ತಿದ್ದ. ಆ ಕೆನ್ನೆ ಬೀಳುತ್ತದೆ, ಅವನನ್ನು ಇಳಿಸಿ ಎಂದು ದೇವಕಮ್ಮ ನನಗೆ ಎರಡು ದಿನದಿಂದ ಹೇಳುತ್ತಿದ್ದರು. ಅವರ ಮಾತನ್ನು ತಿಯಾಗೊಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬಲ್ಲ ಮನುಷ್ಯ ಆ ಬೀದಿಯಲ್ಲಿ ನಾನೊಬ್ಬನೇ ಇದ್ದೆ.

ಆಲ್ದೂರು

ನನ್ನದು ಆಲ್ದೂರಿನಿಂದ ಒಳಗೆ ಹದಿನಾಲ್ಕು ಎಕರೆ ಕಾಫಿ. ಗೇಟಿನಲ್ಲಿ ಎಸ್ಟೇಟು ಎಂದು ಬೋರ್ಡು ಹಾಕಿದ್ದೇನೆ. ನಮ್ಮ ಕಡೆ ನಾಲ್ಕು ಎಕರೆಯವರೂ ಹಾಕುತ್ತಾರೆ. ಲಿಸ್ಬನ್ನಿನಲ್ಲಿ ಕಾಫಿ ಹುರಿದು ಮಾರುವ ಹೆಲೆನಾ ಎಂಬವರು ಹಿಂದಿನ ವರ್ಷ ತೋಟ ನೋಡಲು ಬಂದಿದ್ದರು. ಆ ದಿನ ದೇವಕಮ್ಮ ಬೋರರ್ ನೋಡುತ್ತಿದ್ದರು.

ಬೋರರ್ ಎಂದರೆ ಅರೇಬಿಕಾ ಗಿಡದ ಕಾಂಡವನ್ನು ಒಳಗಿನಿಂದ ಕೊರೆಯುವ ಹುಳು. ಗಿಡ ಹೊರಗೆ ಹಸಿರಾಗಿಯೇ ಇರುತ್ತದೆ, ಹಣ್ಣೂ ಬಿಟ್ಟಿರುತ್ತದೆ. ಕಾಂಡದ ತೊಗಟೆಯ ಮೇಲೆ ಮಾತ್ರ ಒಂದು ಸಣ್ಣ ಗೆರೆ ಉಬ್ಬಿರುತ್ತದೆ, ಹುಳು ಹೋದ ದಾರಿ. ಆ ಗೆರೆ ಕಾಣುವುದಕ್ಕೆ ಕಣ್ಣು ಬೇಕು. ದೇವಕಮ್ಮನವರಿಗೆ ಆ ಕಣ್ಣಿದೆ. ಅನುಮಾನ ಬಂದರೆ ಕತ್ತಿಯ ಹಿಡಿಯಿಂದ ಕಾಂಡಕ್ಕೆ ಎರಡು ಸಲ ಬಡಿದು ಕೇಳುತ್ತಾರೆ. ಹುಳು ಹಿಡಿದ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಹಿಂದಿನಿಂದ ಬರುವ ಆಳುಗಳು ಬಟ್ಟೆ ಕಂಡ ಗಿಡವನ್ನು ಕಿತ್ತು ಸುಡುತ್ತಾರೆ. ಅವರು ಕಟ್ಟಿದ ಬಟ್ಟೆಯನ್ನು ಯಾರೂ ಬಿಚ್ಚುವುದಿಲ್ಲ. ಒಮ್ಮೆ ನಾನು ಬಿಚ್ಚಿದ್ದೆ, ಗಿಡದ ತುಂಬ ಹಣ್ಣಿತ್ತು ಎಂದು. ಮುಂದಿನ ವರ್ಷ ಆ ಗಿಡ ಒಂದೇ ಕೈಯಲ್ಲಿ ಮುರಿದು ಬಂತು.

ಹೆಲೆನಾ ಫೋಟೋ ತೆಗೆದಾಗ ಒಂದು ಎಳೇ ಗಿಡದ ಬುಡ ತುಳಿದುಕೊಂಡು ನಿಂತಿದ್ದರು. ದೇವಕಮ್ಮ ತಲೆ ಎತ್ತಿ ನೋಡಿದ್ದು ಅದಕ್ಕೆ. ಫೋಟೋದಲ್ಲಿರುವುದು ಸಿಟ್ಟು. ಹೆಲೆನಾಗೆ ಅದು ಘನತೆಯಾಗಿ ಕಂಡಿತು. ತಮ್ಮ ಹೊಸ ಅಂಗಡಿಯ ಪಕ್ಕದ ಗೋಡೆಯಲ್ಲಿ ಆ ಮುಖವನ್ನು ಕೆತ್ತಿಸುವುದಾಗಿ, ಮುಗಿಯುವ ಹೊತ್ತಿಗೆ ನಾವಿಬ್ಬರೂ ಬರಬೇಕೆಂದು ಕಾಗದ ಬರೆದರು.

"ನಾನ್ ಎಂತಕ್ಕೆ? ಮುಖ ಅಲ್ಲೇ ಇರ್ತದಲ್ಲ" ಎಂದರು ದೇವಕಮ್ಮ.

ಆದರೂ ಹೊರಟರು. ಮಳೆ ಹಿಡಿಯುವುದರೊಳಗೆ ವಾಪಸು ಕರೆದುಕೊಂಡು ಬರಬೇಕು ಎಂಬುದೊಂದೇ ಅವರ ಷರತ್ತು. ತೋಟದಲ್ಲಿ ನಾನು ಅವರನ್ನು ನೀನು ಎಂದೇ ಮಾತಾಡಿಸುವುದು, ಹೆಸರಿಗೆ ಅಮ್ಮ ಸೇರಿಸುವುದೂ ಇಲ್ಲ. ಹಾಗೆ ಬರೆಯಲು ಕೈ ಬರುತ್ತಿಲ್ಲ.

ಲಿಸ್ಬನ್, ಸೋಮವಾರ

ಲಿಸ್ಬನ್ ಗುಡ್ಡಗಳ ಮೇಲೆ ಕಟ್ಟಿದ ಊರು. ನಮ್ಮಲ್ಲಿ ಗುಡ್ಡ ಹತ್ತಿದರೆ ಕೊನೆಗೆ ಕಾಡೋ ದೇವಸ್ಥಾನವೋ ಸಿಗುತ್ತದೆ. ಅಲ್ಲಿ ಹತ್ತಿದರೆ ಇನ್ನೊಂದು ಬೀದಿ ಸಿಗುತ್ತದೆ, ಅದು ಇಳಿಯುತ್ತದೆ. ಫುಟ್‌ಪಾತಿಗೆ ಬೆಲ್ಲದ ಅಚ್ಚಿನಷ್ಟು ಸಣ್ಣ ಬಿಳೀ ಕಲ್ಲು ಜೋಡಿಸಿದ್ದಾರೆ. ನೂರಾರು ವರ್ಷ ಜನ ನಡೆದು ಅವು ನುಣುಪಾಗಿವೆ. ನಾನು ಎರಡು ಸಲ ಜಾರಿದೆ. ಹವಾಯಿ ಚಪ್ಪಲಿ ಹಾಕಿದ್ದ ದೇವಕಮ್ಮ ಒಮ್ಮೆಯೂ ಜಾರಲಿಲ್ಲ.

ಮಧ್ಯಾಹ್ನ ನಡೆದು ಹೋಗುವಾಗ ತಲೆಯ ಮೇಲೆ ಹನಿ ಬಿತ್ತು. ಮಲೆನಾಡಿನವನು ಆಕಾಶ ನೋಡಿ ಕೊಡೆ ಬಿಚ್ಚುವುದಿಲ್ಲ. ಬಿಚ್ಚಿಕೊಂಡು ನಡೆದೆ. ಎದುರಿಗೆ ಬಂದವರೆಲ್ಲ ನನಗೆ ದಾರಿ ಬಿಟ್ಟರು.

"ಗೌಡ್ರೆ, ಮೇಲೆ ನೋಡಿ" ಎಂದರು ದೇವಕಮ್ಮ. "ಮಳೆ ಅಲ್ಲ. ಯಾರ್ದೋ ಲಂಗ."

ಆ ಊರಿನಲ್ಲಿ ಒಗೆದ ಬಟ್ಟೆಯನ್ನು ಬೀದಿಯ ಕಡೆಯ ಕಿಟಕಿಯಿಂದ ಹೊರಗೆ ಇಳಿಬಿಡುತ್ತಾರೆ. ಕೆಳಗೆ ಜನ ಓಡಾಡುತ್ತಾರೆ ಎಂಬುದು ಲೆಕ್ಕಕ್ಕಿಲ್ಲ. ಕಿಟಕಿಯಿಂದ ಒಬ್ಬ ಅಜ್ಜಿ ನನಗೆ ಏನೋ ಹೇಳಿದಳು. ಕ್ಷಮೆ ಕೇಳಿರಬಹುದು. ಕೇಳದೆಯೂ ಇರಬಹುದು.

ಸಂಜೆ ಹೆಲೆನಾ ತಮ್ಮ ಅಂಗಡಿಯಲ್ಲಿ ನಮಗೆ ನಮ್ಮದೇ ಕಾಫಿ ಕೊಟ್ಟರು. ಅಲ್ಲಿಯವರು ಕಾಫಿಯನ್ನು ನಿಂತೇ ಕುಡಿಯುತ್ತಾರೆ. ಬಟ್ಟಲು ನಮ್ಮ ಔಷಧಿ ಮುಚ್ಚಳಕ್ಕಿಂತ ಸ್ವಲ್ಪ ದೊಡ್ಡದು. ಎರಡು ಗುಟುಕು, ಮುಗಿಯಿತು. ಹಾಲಿಲ್ಲ. ದೇವಕಮ್ಮ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ನುಂಗಿದರು.

"ಇದು ನಮ್ದಾ?"

"ನಮ್ದೇ ಅಂತೆ."

"ಹಾಗಾದ್ರೆ ನಾವ್ ಮನೇಲ್ ಕುಡಿಯೋದು ಯಾರ್ದು?"

ಅವರು ಏನಂದರು ಎಂದು ಹೆಲೆನಾ ಇಂಗ್ಲಿಷಿನಲ್ಲಿ ಕೇಳಿದರು. ಬಹಳ ಚೆನ್ನಾಗಿದೆ ಅನ್ನುತ್ತಾರೆ ಎಂದೆ. ಹೆಲೆನಾಗೆ ಸಂತೋಷವಾಯಿತು. ಇದನ್ನು ಬರೆಯಲು ಕಾರಣವಿದೆ. ನಾನು ಬದಲಾಯಿಸಿ ಹೇಳಿದ ಮಾತುಗಳಲ್ಲಿ ಇದು ಮೊದಲನೆಯದು.

ಮಂಗಳವಾರ

ಬೆಳಿಗ್ಗೆ ತಿಯಾಗೊ ನಮ್ಮನ್ನು ತನ್ನ ಶೆಡ್ಡಿಗೆ ಕರೆದುಕೊಂಡು ಹೋದ. ಮೂವತ್ತರ ಆಸುಪಾಸಿನವನು, ತಲೆಗೂದಲಿನ ತುಂಬ ಸುಣ್ಣದ ಪುಡಿ, ಇಂಗ್ಲಿಷು ನನ್ನಷ್ಟೇ ಹರಕು. ಊರು ಎಸೆದದ್ದನ್ನೆಲ್ಲ ಅಲ್ಲಿ ತಂದಿಟ್ಟಿದ್ದ. ಒಂದರ ಮೇಲೊಂದು ಅಂಟಿಸಿ ಅಂಗೈ ದಪ್ಪವಾದ ಪೋಸ್ಟರುಗಳ ಹಲಗೆಗಳನ್ನು ಬೀದಿಯಿಂದ ಕಿತ್ತು ತಂದು, ಬ್ಲೇಡಿನಿಂದ ಪದರ ಪದರ ಬಿಡಿಸಿ ಅದರಲ್ಲಿ ಮುಖ ತೆಗೆದಿದ್ದ. ಮನೆಗಳನ್ನು ಕೆಡವುವಾಗ ಬಾಗಿಲುಗಳನ್ನು ಎತ್ತಿಕೊಂಡು ಬಂದು, ಆ ಮನೆಯಲ್ಲಿದ್ದವರನ್ನು ಹುಡುಕಿ, ಅವರ ಮುಖವನ್ನೇ ಅವರ ಬಾಗಿಲಿನಲ್ಲಿ ಕೆತ್ತಿದ್ದ. ತಾನು ಏನನ್ನೂ ಸೇರಿಸುವುದಿಲ್ಲ, ಇರುವುದನ್ನು ತೆಗೆಯುತ್ತೇನೆ ಅಷ್ಟೆ ಎಂದ.

ದೇವಕಮ್ಮ ಒಂದು ಬಾಗಿಲನ್ನು ಹಿಂದೆ ಮುಂದೆ ನೋಡಿದರು.

"ಇದಕ್ಕೆ ಎಂತ ಆಗಿತ್ತಂತೆ?"

"ಏನಿಲ್ಲ, ಎಸೆದಿದ್ರಂತೆ."

"ಚಿಲಕ ಸರಿ ಇದೆ" ಎಂದರು.

ಅಲ್ಲಿಂದ ಗೋಡೆಗೆ ಹೋದೆವು. ಹೆಲೆನಾ, ಅವರು ಕರೆದಿದ್ದ ಇಬ್ಬರು ಪತ್ರಿಕೆಯವರು ಕಾಯುತ್ತಿದ್ದರು. ಆ ಗೋಡೆ ವರ್ಷದ ಕೊನೆಗೆ ಕೆಡವಲಿರುವ ಗೋದಾಮಿನದು. ತಿಯಾಗೊ ಮೂರು ವಾರದಿಂದ ಸುತ್ತಿಗೆ, ಉಳಿ, ಡ್ರಿಲ್ಲು ಹಿಡಿದು ಬಣ್ಣ ಕೆರೆದು, ಗಾರೆ ಒಡೆದು, ಕೆಲವು ಕಡೆ ಇಟ್ಟಿಗೆಯವರೆಗೂ ಇಳಿದಿದ್ದ. ಹತ್ತಿರ ನಿಂತರೆ ಮುಖವಿಲ್ಲ. ಬರೀ ಗುಂಡಿ, ಸಿಪ್ಪೆ, ಕಲೆ. ಮಳೆಗಾಲ ಕಳೆದ ಮೇಲೆ ನಮ್ಮ ಯಾವ ಗೋಡೆಯಾದರೂ ಹಾಗೇ ಇರುತ್ತದೆ. ರಸ್ತೆ ದಾಟಿ ಕ್ಷೌರದ ಅಂಗಡಿಯ ಮುಂದೆ ನಿಂತು ತಿರುಗಿದರೆ ದೇವಕಮ್ಮ.

ಆಂತೋನಿಯೊ ಹೊರಗೆ ಬಂದ. ಗೋಡೆ ನೋಡಿದ, ದೇವಕಮ್ಮನವರನ್ನು ನೋಡಿದ, ಮತ್ತೆ ಗೋಡೆ ನೋಡಿದ. ಒಳಗೆ ಹೋಗಿ ಅವರಿಗೊಂದು ಕುರ್ಚಿ ತಂದು ಹಾಕಿದ.

"ಇದು ನಮ್ ದೊಡ್ಡಕ್ಕ" ಎಂದರು ದೇವಕಮ್ಮ.

"ನೀನೇ ಮಾರಾಯ್ತಿ."

"ನಾನ್ ಇಷ್ಟ್ ಸಿಟ್ ಮಾಡ್ತೀನಾ?"

"ಮಾಡ್ತೀಯ."

ಅವರು ಕುರ್ಚಿಯಲ್ಲಿ ಕೂರಲಿಲ್ಲ. ಕಣ್ಣು ಸಣ್ಣ ಮಾಡಿ ಗೋಡೆಯಲ್ಲಿನ ಎಡಗೆನ್ನೆಯನ್ನು ನೋಡುತ್ತ ನಿಂತರು. ಆ ನೋಟ ನನಗೆ ಗೊತ್ತು. ರಸ್ತೆ ದಾಟಿ ಗೋಡೆಯ ಬುಡಕ್ಕೆ ಹೋದರು. ನೆಲದಲ್ಲಿದ್ದ ತಿಯಾಗೊನ ಸುತ್ತಿಗೆ ಎತ್ತಿಕೊಂಡು, ಅದರ ಮರದ ಹಿಡಿಯಿಂದ ಗೋಡೆಗೆ ಎರಡು ಸಲ ಬಡಿದು ಕಿವಿಯಿಟ್ಟರು. ಎರಡು ಹೆಜ್ಜೆ ಬಲಕ್ಕೆ ಸರಿದು ಅಲ್ಲೂ ಬಡಿದರು. ಪತ್ರಿಕೆಯವರು ಫೋಟೋ ತೆಗೆದರು.

"ಗೌಡ್ರೆ, ಇಲ್ಲಿ ಟೊಳ್ಳಾಗಿದೆ. ಆ ಕಿಟಕಿ ಮೂಲೆಯಿಂದ ಗೆರೆ ಉಬ್ಬಿ ಇಳಿದಿದೆ ನೋಡಿ. ಹೊರಗಿಂದು ಒಳಗಿಂದನ್ನ ಬಿಟ್ಟಿದೆ. ಇವ ಇನ್ನೂ ಕೊರದ್ರೆ ಬೀಳ್ತದೆ. ಇನ್ನು ಹತ್ಬೇಡ ಅಂತ ಹೇಳಿ."

ತಿಯಾಗೊ ನನ್ನ ಮುಖ ನೋಡಿದ. ಹೆಲೆನಾ ನೋಡಿದರು. ಪತ್ರಿಕೆಯವರು ಪೆನ್ನು ಹಿಡಿದುಕೊಂಡು ನೋಡಿದರು.

"ತನ್ನ ಅಕ್ಕನ ಹಾಗೇ ಕಾಣುತ್ತದಂತೆ, ಬಹಳ ಸಂತೋಷವಾಗಿದೆಯಂತೆ" ಎಂದೆ.

ತಿಯಾಗೊ ಎದೆಯ ಮೇಲೆ ಕೈಯಿಟ್ಟು ನಕ್ಕ.

ಯಾಕೆ ಹಾಗೆ ಹೇಳಿದೆ ಎಂಬುದನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಗೋಡೆ ಗಟ್ಟಿಯಾಗಿದೆ ಎಂದು ನನಗೇನೂ ನಂಬಿಕೆ ಇರಲಿಲ್ಲ. ಗೋಡೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಕರೆಸಿಕೊಂಡು ಉಪಚಾರ ಮಾಡಿದವರ ಎದುರಿಗೆ ನಮ್ಮ ತೋಟದ ಆಳು ಅವರ ಕೆಲಸದಲ್ಲಿ ಹುಳುಕು ಹುಡುಕಿದರೆ ಏನು ಚೆನ್ನ, ಅಷ್ಟೇ ತಲೆಗೆ ಬಂದದ್ದು. ನಮ್ಮ ಕಡೆ ಮದುವೆ ಮನೆಯಲ್ಲಿ ಸಾರಿಗೆ ಉಪ್ಪಿಲ್ಲದಿದ್ದರೂ ಯಾರೂ ಹೇಳುವುದಿಲ್ಲ. ಇದನ್ನೂ ನಾನು ಆ ಬಗೆಯ ಮರ್ಯಾದೆ ಅಂದುಕೊಂಡೆ.

ಬುಧವಾರ

ತಿಯಾಗೊ ಮತ್ತೆ ಹತ್ತಿದ್ದನ್ನು ನೋಡಿ ದೇವಕಮ್ಮ ನನ್ನನ್ನು ಏನೂ ಕೇಳಲಿಲ್ಲ. ಕೈಚೀಲದ ಅಡಿಗೆ ಕೈ ಹಾಕಿದರು. ತೋಟದ ಕೆಂಪು ಬಟ್ಟೆಯ ಚೂರುಗಳು ಅಷ್ಟು ದೂರ ಬಂದಿದ್ದವು ಎಂದು ನನಗೆ ಗೊತ್ತಿರಲಿಲ್ಲ. ಒಂದನ್ನು ತೆಗೆದುಕೊಂಡು ಹೋಗಿ, ಎಡಗೆನ್ನೆಯ ಕೆಳಗೆ ಅಟ್ಟಣಿಗೆಯ ಪೈಪಿಗೆ ಎರಡು ಗಂಟು ಹಾಕಿ ಕಟ್ಟಿದರು.

ತಿಯಾಗೊ ಕೆಳಗಿಳಿದು ಬಂದ. ಇದೇನು ಎಂದು ನನ್ನನ್ನು ಕೇಳಿದ.

ಹುಳು ಹಿಡಿದಿದೆ, ಕಿತ್ತು ಸುಡಿ ಎಂದು ಅದರ ಅರ್ಥ. "ನಮ್ಮ ಕಡೆಯ ಪದ್ಧತಿ, ಒಳ್ಳೆಯದಾಗಲಿ ಅಂತ" ಎಂದೆ.

ತಿಯಾಗೊ ದೇವಕಮ್ಮನವರ ಕಡೆ ತಿರುಗಿ ಕೈ ಮುಗಿದ. ಮುಗಿಯುವುದನ್ನು ಎಲ್ಲೋ ಕಲಿತಿದ್ದ. ದೇವಕಮ್ಮ ಕೈ ಮುಗಿಯಲಿಲ್ಲ. ಪತ್ರಿಕೆಯವರಲ್ಲಿ ಒಬ್ಬ ಅದರ ಫೋಟೋ ತೆಗೆದ, ಮರುದಿನ ಬೆಳಿಗ್ಗೆ ಅದು ಅಚ್ಚಾಯಿತು. ಅದರಲ್ಲಿ ಪೈಪಿಗೆ ಕಟ್ಟಿದ ಬಟ್ಟೆ, ನಗುತ್ತಿರುವ ತಿಯಾಗೊ, ಹಿಂದೆ ಗೋಡೆಯಲ್ಲಿ ಸಿಟ್ಟಾದ ದೇವಕಮ್ಮ, ಮುಂದೆ ಅದೇ ಸಿಟ್ಟಿನ ದೇವಕಮ್ಮ, ಬಲಗಡೆ ಕೊಡೆ ಹಿಡಿದುಕೊಂಡು ನಾನು ಇದ್ದೇವೆ. ನಾನೂ ನಗುತ್ತಿದ್ದೇನೆ. ಪತ್ರಿಕೆ ನನ್ನ ಹತ್ತಿರ ಇದೆ, ಬೇಕಾದವರು ನೋಡಬಹುದು.

ಅವನು ವಾಪಸು ಹತ್ತುವುದನ್ನು ದೇವಕಮ್ಮ ನೋಡಿದರು.

"ಬಟ್ಟೆ ಕಟ್ಟಿದ್ ಮೇಲೂ ಹತ್ತಿದ್ನಲ್ಲ ಗೌಡ್ರೆ."

"ಅವರ ಊರಿನ ಗೋಡೆ ಅವರಿಗೆ ಗೊತ್ತಿರ್ತದೆ, ಸುಮ್ನಿರು ಮಾರಾಯ್ತಿ."

"ಗೋಡೆಗೆ ಊರು ಎಂತ" ಎಂದರು.

ಗುರುವಾರ

ಹತ್ತೂವರೆಗೆ ನಾವು ಆಂತೋನಿಯೊನ ಅಂಗಡಿಯ ಮುಂದೆ ಬಂದು ನಿಂತೆವು. ಹೆಲೆನಾ ಎದುರುಗಡೆ ತಮ್ಮ ಅಂಗಡಿಯ ಬಾಗಿಲಲ್ಲಿದ್ದರು. ಪತ್ರಿಕೆಯವರಿಬ್ಬರೂ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಆಂತೋನಿಯೊ ಒಬ್ಬರ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ. ತಿಯಾಗೊನ ಡ್ರಿಲ್ಲು ಓಡುತ್ತಿತ್ತು.

"ಗೆರೆ ಮುಂದೆ ಬಂದಿದೆ" ಎಂದರು ದೇವಕಮ್ಮ. "ನಿನ್ನೆ ಕಿಟಕಿ ಕೆಳಗಿತ್ತು. ಇವತ್ತು ನನ್ ಬಾಯಿ ಹತ್ರ ಇದೆ."

"ಬಿಸಿಲು ಬೇರೆ ಕಡೆಯಿಂದ ಬೀಳ್ತಾ ಇದೆ, ಅದಕ್ಕೆ ಹಾಗ್ ಕಾಣ್ತದೆ."

"ನೀವು ಅವಂಗೆ ಹೇಳಿದ್ರಿ ಅಲ್ದಾ?"

"ಹೇಳಿದೀನಿ."

"ಎಂತ ಅಂದ?"

"ನೋಡ್ತೀನಿ ಅಂದ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈಚೀಲವನ್ನು ಕುರ್ಚಿಯ ಮೇಲಿಟ್ಟು, ತೋಟಕ್ಕೆ ಇಳಿಯುವಾಗ ಮಾಡುವಂತೆ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ರಸ್ತೆ ದಾಟಿದರು. ಒಂದು ಕಾರು ಅವರಿಗಾಗಿ ನಿಂತಿತು. ಅಟ್ಟಣಿಗೆಯ ಏಣಿ ಹತ್ತಿದರು. ಆರು ಮೆಟ್ಟಿಲು ಹತ್ತಿ, ಕೈ ಚಾಚಿ, ಹಲಗೆಯಿಂದ ಇಳಿಬಿದ್ದಿದ್ದ ತಿಯಾಗೊನ ಬಲಗಾಲಿನ ಹರಡನ್ನು ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ.

ತಿಯಾಗೊ ಕೆಳಗೆ ನೋಡಿದ. ನಕ್ಕ. ಡ್ರಿಲ್ಲು ನಿಲ್ಲಿಸಿದ.

ನಿಲ್ಲಿಸಿದಾಗ ಸದ್ದು ಕೇಳಿಸಿತು. ಒಣಗಿದ ಪಾರ್ಚ್‌ಮೆಂಟ್ ಕಾಫಿಯನ್ನು, ಅಂದರೆ ತೆಳು ಹೊಟ್ಟು ಬಿಡದ ಬೀಜವನ್ನು, ಮೊರದಲ್ಲಿ ಕೇರುವಾಗ ಬರುವ ಸದ್ದು. ಗೋಡೆಯ ಒಳಗಿನಿಂದ ಬರುತ್ತಿತ್ತು. ನಾನು ರಸ್ತೆಯ ಈಚೆಗಿದ್ದೆ, ನನಗೂ ಕೇಳಿಸಿತು.

ತಿಯಾಗೊ ನನ್ನ ಕಡೆ ತಿರುಗಿ, ಏನು ಹೇಳುತ್ತಿದ್ದಾರೆ ಇವರು ಎಂದು ಕೂಗಿ ಕೇಳಿದ. ನನ್ನ ಬಾಯಿಗೆ ಇಂಗ್ಲಿಷು ಬರಲಿಲ್ಲ.

"ಇಳಿಯೋ!" ಎಂದು ಕೂಗಿದೆ, ಕನ್ನಡದಲ್ಲಿ.

ಅವನಿಗೆ ಅರ್ಥವಾಯಿತೋ, ಕೂಗಿದ್ದೇ ಸಾಕಾಯಿತೋ, ಹಲಗೆಯಿಂದ ಏಣಿಗೆ ಕಾಲಿಟ್ಟ. ಒಂದು ಮೆಟ್ಟಿಲು ಇಳಿದ. ಎರಡನೆಯದಕ್ಕೆ ಕಾಲು ಹಾಕುವಾಗ, ಎಡಗಣ್ಣಿನಿಂದ ಗಲ್ಲದವರೆಗೆ ಕೆನ್ನೆ ಒಂದೇ ಹಲಗೆಯಾಗಿ ಮುಂದಕ್ಕೆ ವಾಲಿತು. ನಿಧಾನವಾಗಿ ವಾಲಿತು. ಅದರ ಹಿಂದೆ ಒಂದು ಕೈ ಹೋಗುವಷ್ಟು ಕತ್ತಲೆ ಕಂಡಿತು. ಆಮೇಲಿನದು ನಿಧಾನವಾಗಿರಲಿಲ್ಲ.

ಅವನು ಕೂತಿದ್ದ ಹಲಗೆ ಇಲ್ಲವಾಯಿತು. ತಿಯಾಗೊ ಏಣಿಯಿಂದ ಮಗುಚಿ ಫುಟ್‌ಪಾತಿಗೆ ಬಿದ್ದ. ದೇವಕಮ್ಮ ಒಂದು ಕೈಯಲ್ಲಿ ಅಟ್ಟಣಿಗೆಯ ಪೈಪಿಗೆ ಜೋತುಬಿದ್ದಿದ್ದರು. ಇನ್ನೊಂದು, ಬಲಗೈ, ವಾಲಿದ ಏಣಿಗೂ ಪೈಪಿಗೂ ನಡುವೆ ಸಿಕ್ಕಿತ್ತು. ಬಿಳೀ ಧೂಳು ಎದ್ದು ಬೀದಿ ಕಾಣದಾಯಿತು. ಧೂಳು ಕುಳಿತಾಗ ನಾನು ಮೊದಲು ನಿಂತಿದ್ದ ಜಾಗದಲ್ಲೇ ಇದ್ದೆ. ಮಿಕ್ಕವರೆಲ್ಲ ರಸ್ತೆಯ ಆಚೆಗಿದ್ದರು. ಆಂತೋನಿಯೊ ಕ್ಷೌರದ ಬಿಸಿ ಟವಲಿನಿಂದ ದೇವಕಮ್ಮನವರ ಮುಖ ಒರೆಸುತ್ತಿದ್ದ. ಸೋಪು ಹಚ್ಚಿದ ಗಡ್ಡದವನು ತಿಯಾಗೊನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ಗೋಡೆಯಲ್ಲಿ ಹಣೆ, ಒಂದು ಕಣ್ಣು, ಬಲಗೆನ್ನೆ ಉಳಿದಿದ್ದವು.

ಆಸ್ಪತ್ರೆ

ತಿಯಾಗೊನ ತೊಡೆಯ ಮೂಳೆ, ಕೊರಳಿನ ಕೆಳಗಿನ ಮೂಳೆ ಮುರಿದಿದ್ದವು. ಹಲಗೆಯ ಮೇಲೇ ಇದ್ದಿದ್ದರೆ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ ಎಂದು ಡಾಕ್ಟರು ಹೆಲೆನಾಗೆ ಹೇಳಿದರು, ಹೆಲೆನಾ ನನಗೆ ಹೇಳಿದರು. ದೇವಕಮ್ಮನವರ ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ಶನಿವಾರ ನಾವು ತಿಯಾಗೊನನ್ನು ನೋಡಲು ಹೋದೆವು. ದೇವಕಮ್ಮನವರ ಆಶೀರ್ವಾದದ ಬಟ್ಟೆಯೇ ತನ್ನನ್ನು ಕಾಪಾಡಿತು ಎಂದ. ಅವಶೇಷದಲ್ಲಿ ಹುಡುಕಿಸಿ ಅದನ್ನು ತರಿಸಿಕೊಂಡಿದ್ದ, ದಿಂಬಿನ ಪಕ್ಕದಲ್ಲಿ ಮಡಿಸಿಟ್ಟಿದ್ದ. ಇದನ್ನು ಅವರಿಗೆ ಹೇಳಿ ಎಂದು ನನ್ನನ್ನು ಕೇಳಿದ.

"ಥ್ಯಾಂಕ್ಸ್ ಅಂತಾನೆ" ಎಂದೆ.

"ಬಟ್ಟೆ ಯಾಕೆ ಇಟ್ಕೊಂಡಿದಾನೆ?"

"ಗುರುತಿಗೆ."

ದೇವಕಮ್ಮ ಅವನ ಕಾಲನ್ನು ನೋಡಿದರು. "ಕಾಲು ಇನ್ನೂ ಸ್ವಲ್ಪ ಮೇಲೆ ಇಡ್ಬೇಕು ಅಂತ ಹೇಳಿ. ಊತ ಇಳೀತದೆ." ಅದನ್ನು ಅವರು ಹೇಳಿದಂತೆಯೇ ಹೇಳಿದೆ. ನರ್ಸು ಬಂದು ಒಂದು ದಿಂಬು ಹೆಚ್ಚಿಗೆ ಇಟ್ಟಳು. ಅಷ್ಟು ಸುಲಭವಾಗಿತ್ತು.

ಮನೆ

ಮಳೆ ಹಿಡಿದ ಮೇಲೆ ಊರು ಸೇರಿದೆವು. ದೇವಕಮ್ಮನವರ ಮಣಿಕಟ್ಟು ಕೂಡಿತು, ಆದರೆ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಹಣ್ಣು ಕೊಯ್ಯುವುದಕ್ಕೆ ಎರಡೂ ಕೈ ಬೇಕು. ಈಗ ಬೋರರ್ ನೋಡುವುದಷ್ಟೇ ಅವರ ಕೆಲಸ. ಬಟ್ಟೆ ಕಟ್ಟುವಾಗ ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾರೆ.

ಕೂಲಿ ಲೈನಿನ ಮನೆಗಳಲ್ಲಿ, ಆಲ್ದೂರಿನ ಬಸ್ಸಿನಲ್ಲಿ, ಮೂಡಿಗೆರೆಯ ಅವರ ನೆಂಟರ ಮನೆಯಲ್ಲಿ ಈ ಕತೆಯನ್ನು ಅವರು ನೂರು ಸಲ ಹೇಳಿದ್ದಾರೆ. ಅವರು ಹೇಳುವುದರಲ್ಲಿ ಒಂದು ಮಾತು ಪ್ರತಿ ಸಲ ಬರುತ್ತದೆ: "ನಮ್ ಗೌಡ್ರು ಬಾಯ್ ಬಡ್ಕೊಂಡು ಹೇಳಿದ್ರು, ಅವ್ರೇ ಕೇಳ್ಲಿಲ್ಲ." ಜನ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಪರದೇಶದವರಿಗೂ ಬುದ್ಧಿ ಹೇಳಿ ಬಂದಿರಂತೆ ಎಂದು ಕೇಳಿದ್ದಾರೆ. ನಾನು ಇಲ್ಲ ಎಂದಿಲ್ಲ. ಅದಕ್ಕೇ ಇದನ್ನು ಬರೆಯಬೇಕಾಯಿತು.

ಆ ಕೆನ್ನೆ ಬಿದ್ದದ್ದನ್ನು ನೋಡಿದವರಲ್ಲಿ ಆಂತೋನಿಯೊ ಈಗಿಲ್ಲ ಎಂದು ಹೆಲೆನಾ ಬರೆದಿದ್ದಾರೆ. ಸೋಪಿನ ಗಡ್ಡದವನ ಹೆಸರು ಯಾರಿಗೂ ತಿಳಿಯದು. ಪತ್ರಿಕೆಯವರಿಬ್ಬರ ಸುದ್ದಿ ಇಲ್ಲ. ಹೆಲೆನಾ ಇದ್ದಾರೆ, ಈಗಲೂ ಕಾಫಿ ಹುರಿಯುತ್ತಾರೆ. ತಿಯಾಗೊ ಇದ್ದಾನೆ, ಸ್ವಲ್ಪ ಕುಂಟುತ್ತಾನೆ. ಆ ಬಟ್ಟೆಗೆ ಗಾಜು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದ್ದಾನಂತೆ. ಅದರ ನಿಜವಾದ ಅರ್ಥವನ್ನು, ಮಂಗಳವಾರ ಬುಧವಾರ ಗುರುವಾರ ದೇವಕಮ್ಮ ಏನೇನು ಹೇಳಿದರು ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಹೋದ ವಾರ ಅವನಿಗೆ ಅಂಚೆಗೆ ಹಾಕಿದ್ದೇನೆ.

ದೇವಕಮ್ಮ ಇದ್ದಾರೆ. ಅಚ್ಚಿಗೆ ಕೊಡುವ ಮುಂಚೆ ಇದನ್ನು ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೂತು ಅವರಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿದರು.

"ಗೊತ್ತಿತ್ತು ಬಿಡಿ" ಎಂದರು.

"ಯಾವಾಗ ಗೊತ್ತಾಯ್ತು?"

"ಮೊದ್ಲನೇ ದಿನಾನೇ. ಗೋಡೆ ಟೊಳ್ಳು ಅಂದ್ರೆ ಯಾರಾದ್ರೂ ಎದೆ ಮೇಲೆ ಕೈಯಿಟ್ಟು ನಗ್ತಾರಾ?"

"ಮತ್ತೆ ಊರೆಲ್ಲ ನಾನು ಹೇಳ್ದೆ ಅಂತ ಯಾಕೆ ಹೇಳ್ಕೊಂಡು ಬಂದೆ?"

"ಬೆಳಗಾದ್ರೆ ನಿಮ್ ತೋಟಕ್ಕೆ ಬರ್ಬೇಕಲ್ಲ ಗೌಡ್ರೆ ನಾನು" ಎಂದರು.

ಇದನ್ನು ಅವರು ಹೇಳಿದಂತೆಯೇ ಬರೆದಿದ್ದೇನೆ.